ತೆಯೊವ್ವ ನೀರಿಗಿಳಿದ ಮಂಗಳವಾರ

ಊರು ನೋಡಲು ಬಂದವರನ್ನು ಕರೆದುಕೊಂಡು ತಿರುಗುವ ಕೆಲಸದಲ್ಲಿ ನಾನು ಹದಿನೆಂಟು ವರ್ಷ ಸವೆಸಿದ್ದೇನೆ. ಬೆಳಿಗ್ಗೆ ಸಾಕ್ತೂನಿನ ಪಾಳು ಗುಡಿಗಳು, ಮಧ್ಯಾಹ್ನ ಊಟ, ಊಟವಾದ ಮೇಲೆ ಯಾಶ್‌ಹಾ ಸೆನೋತೆಯ ನೀರಿನಲ್ಲಿ ಈಜು, ಸಂಜೆ ಐದಕ್ಕೆ ವ್ಯಾನು ವಾಪಸ್ಸು. ಯಾರು ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಜೋರಾಗಿ ಹೇಳುತ್ತೇನೆ. ಅಂಥ ನನಗೆ ಕಳೆದ ಮಾರ್ಚಿನಲ್ಲಿ ಒಂದು ಮಾತಿಗೆ ಬಾಯಿ ಕಟ್ಟಿತು.

ಕೇಳಿದವಳು ತೆಯೊಫಿಲಾ ಕಾವಿಚ್. ಸೆನೋತೆಯ ದಡದ ಅಡುಗೆಮನೆಯಲ್ಲಿ ನಮ್ಮ ಅತಿಥಿಗಳಿಗೆಲ್ಲ ರೊಟ್ಟಿ ತಟ್ಟಿ ಹಾಕುವವಳು. ವಯಸ್ಸು ಅರವತ್ತೆಂಟು. ಊರಿಗೆಲ್ಲ ಅವಳು ತೆಯೊವ್ವ.

"ಲೇ ಗಾಸ್ಪರ್, ನನ್ನೂ ಒಂದಿನ ಕರ್ಕೊಂಡ್ ಹೋಗೋ," ಅಂದಳು.

"ಎಲ್ಲಿಗವ್ವಾ?"

"ಇನ್ನೆಲ್ಲಿಗೆ? ಇಲ್ಲಿಗೇ."

ನಾನು ನಕ್ಕೆ. ಅವಳು ನಗಲಿಲ್ಲ. ವ್ಯಾನಿನಲ್ಲಿ ಕಿಟಕಿ ಪಕ್ಕ ಕೂರಬೇಕು, ತಲೆಗೆ ಟೋಪಿ ಹಾಕಿಕೊಳ್ಳಬೇಕು, ಗುಡಿಯ ಮುಂದೆ ನಿಂತು ನಾನು ಹೇಳುವುದನ್ನೆಲ್ಲ ಕೇಳಬೇಕು, ಇನ್ನೊಬ್ಬರು ಬಡಿಸಿದ್ದನ್ನು ಉಣ್ಣಬೇಕು. ಅದೆಲ್ಲ ಬರೀ ಪೀಠಿಕೆ. ಕೊನೆಗೆ ಬಂತು ನಿಜವಾದ ಆಸೆ. ಅವಳಿಗೆ ಯಾಶ್‌ಹಾದ ನೀರಿಗಿಳಿಯಬೇಕಿತ್ತು.

ಅರವತ್ತೆಂಟು ವರ್ಷ ಆ ನೀರಿನ ಪಕ್ಕದಲ್ಲೇ ಬದುಕಿದವಳು ಒಮ್ಮೆಯೂ ಅದಕ್ಕೆ ಇಳಿದಿರಲಿಲ್ಲ. ನಮ್ಮಲ್ಲಿ ನದಿ ಇಲ್ಲ, ಕೆರೆ ಇಲ್ಲ. ನೆಲವೇ ಕುಸಿದು ಬಾಯಿ ತೆರೆದ ಕಡೆ, ಕೆಳಗೆ ನೀರು, ಅದೇ ಸೆನೋತೆ. ಹುಡುಗಿಯಾಗಿದ್ದಾಗ ಅವಳು ಮೇಲಿನಿಂದ ಹಗ್ಗ ಬಿಟ್ಟು ಆ ನೀರನ್ನು ಸೇದಿದ್ದಾಳೆ. ಆಮೇಲೆ ಹತ್ತೊಂಬತ್ತು ವರ್ಷ ಅದೇ ದಡದಲ್ಲಿ ಒಲೆ ಹೂಡಿಕೊಂಡು, ಕೆಳಗೆ ಜನ ಬಿದ್ದು ಎದ್ದು ಕಿರುಚುವುದನ್ನು ಕೇಳಿದ್ದಾಳೆ. ಇಳಿಯದಿರುವುದಕ್ಕೆ ಹೆದರಿಕೆ ಕಾರಣವಲ್ಲ. ಹೆಂಚು ಮುಟ್ಟಿದ ಕೈ ಅವತ್ತು ತಣ್ಣೀರು ಮುಟ್ಟಬಾರದು ಎಂಬುದು ನಮ್ಮ ಹೆಂಗಸರ ಕಟ್ಟುನಿಟ್ಟು. ಕಾವು ಒಳಗೇ ಸಿಕ್ಕಿಕೊಂಡು ಗಂಟುಗಂಟು ಹಿಡಿದುಬಿಡುತ್ತದೆ. ತೆಯೊವ್ವನ ಚಿಕ್ಕಮ್ಮನಿಗೆ ಹಾಗೇ ಆಗಿ, ಸಾಯುವವರೆಗೂ ಬೆರಳು ಮಡಚಿಕೊಂಡೇ ಇದ್ದವಂತೆ. ತೆಯೊವ್ವ ಏಳನೇ ವಯಸ್ಸಿಗೆ ಹೆಂಚಿನ ಮುಂದೆ ಕೂತವಳು. ಆಮೇಲೆ ಬೆಂಕಿ ಮುಟ್ಟದ ದಿನ ಅಂತ ಒಂದು ಬಂದರೆ ತಾನೆ ನೀರಿಗಿಳಿಯುವುದು?

"ಈಗ್ಯಾಕವ್ವಾ ಈ ಆಸೆ?" ಅಂದೆ.

ಸೆರಗಿಲ್ಲದ ಬಿಳಿ ಉಯಿಪಿಲ್ ನಿಲುವಂಗಿಯನ್ನು ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದಳು. ಎರಡೂ ಊದಿಕೊಂಡಿದ್ದವು. "ಕೆಳಗಡೆಗೆ ಎಪ್ಪತ್ತೆರಡು ಮೆಟ್ಟಿಲು. ಮುಂದಿನ ವರ್ಷಕ್ಕೆ ಇವು ಒಪ್ಪಲ್ಲ. ಈಗ್ಲೇ ದಿನಕ್ಕೊಂದು ನೆಪ ಹೇಳ್ತವೆ."

ಇಲ್ಲ ಅನ್ನುವ ಹಕ್ಕು ಯಾರಿಗಿದ್ದರೂ ನನಗಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸಮುದ್ರದಂಚಿನ ಹೋಟೆಲಿನ ಕೆಲಸ ಬಿಟ್ಟು, ಮುಖ ಜೋಲುಹಾಕಿಕೊಂಡು ಊರಿಗೆ ಬಂದಾಗ ನನ್ನ ತಾಯಿ ತೀರಿಕೊಂಡು ವರ್ಷವಾಗಿತ್ತು. ತೆಯೊವ್ವ ತನ್ನ ಒಲೆಯ ಪಕ್ಕ ಒಂದು ಮಣೆ ಹಾಕಿ, "ಮೊದ್ಲು ತಿನ್ನು, ಅಳೋದು ಆಮೇಲೆ," ಅಂದಳು. ತಿಂದೆ. ಅಳುವುದು ಮರೆತುಹೋಯಿತು. ತಿನ್ನುವಾಗ ಅವಳು ಕತೆ ಹೇಳುತ್ತಿದ್ದಳು. ಅವಳ ಅಪ್ಪ, ಗುಡಿಗಳನ್ನು ಅಗೆಯಲು ರಾಜಧಾನಿಯಿಂದ ಬಂದವರ ಜೊತೆ ಹನ್ನೆರಡು ವರ್ಷ ಕಲ್ಲು ಹೊತ್ತವನು. ಯಾವ ಕಲ್ಲು ಎಲ್ಲಿ ಬಿದ್ದಿತ್ತು, ಯಾವ ಗೋಡೆ ಯಾಕೆ ವಾರೆಯಾಗಿದೆ, ಎಲ್ಲ ಅವನಿಗೆ ಗೊತ್ತಿತ್ತು. ಅವನಿಂದ ಅವಳಿಗೆ, ಅವಳಿಂದ ರೊಟ್ಟಿಯ ಜೊತೆ ನನಗೆ. ಇವತ್ತು ನನ್ನ ಹೊಟ್ಟೆ ತುಂಬಿಸುತ್ತಿರುವುದು ಅದೇ ಕತೆಗಳು. ಪುಸ್ತಕದಲ್ಲಿರುವುದನ್ನು ಎಲ್ಲ ಗೈಡುಗಳೂ ಹೇಳುತ್ತಾರೆ. ಜನ ನನ್ನನ್ನು ಹುಡುಕಿಕೊಂಡು ಬರುವುದು ಈ ಕತೆಗಳಿಗಾಗಿ.

ಆದರೆ ಅವಳ ಹೆಸರನ್ನು ನಾನು ಒಂದು ದಿನವೂ ಹೇಳಿದವನಲ್ಲ. "ನಮ್ಮ ತಾತ ಹೇಳ್ತಿದ್ರು" ಅಂದುಬಿಡುತ್ತಿದ್ದೆ. ರೊಟ್ಟಿ ತಟ್ಟುವ ಹೆಂಗಸು ಹೇಳಿದಳು ಅಂದರೆ ಯಾರು ನಂಬುತ್ತಾರೆ ಅಂತ ಮೊದಲ ದಿನ ಅನ್ನಿಸಿತು. ಎರಡನೇ ದಿನದಿಂದ ಅದೇ ಅಭ್ಯಾಸವಾಯಿತು.

ಕೊನೆಗೆ ಒಂದು ಮಂಗಳವಾರ ಸಿಕ್ಕಿತು. ಅವತ್ತು ಇಬ್ಬರೇ ಅತಿಥಿಗಳು, ಉತ್ತರದ ಚಿವಾವಾದಿಂದ ಬಂದ ಗಂಡ ಹೆಂಡತಿ. ಗಂಡ ದೋನ್ ಅಬುಂದಿಯೊ, ರೈಲ್ವೆಯಿಂದ ನಿವೃತ್ತನಾದವನು, ಮೀಸೆ ದಪ್ಪ, ದನಿ ಇನ್ನೂ ದಪ್ಪ. ಹೆಂಡತಿ ದೋನ್ಯಾ ಲಿಬ್ರಾದಾ, ಕಂಡಿದ್ದಕ್ಕೆಲ್ಲ ಬೆರಗುಪಡುವ ಹೆಂಗಸು. ಅಡುಗೆಮನೆಯನ್ನು ತೆಯೊವ್ವನ ಸೊಸೆ ನೆಲಿದಾ ಒಬ್ಬಳೇ ನೋಡಿಕೊಳ್ಳುವುದೆಂದಾಯಿತು. ತೆಯೊವ್ವ ಸೋಮವಾರ ಮಧ್ಯಾಹ್ನದಿಂದಲೇ ಬೆಂಕಿ ಮುಟ್ಟಿರಲಿಲ್ಲ.

"ಕೈ ಎಲ್ಲಿಟ್ಕೋಬೇಕು ಅಂತ್ಲೇ ಗೊತ್ತಾಗ್ತಿಲ್ಲ ಅತ್ತೆಗೆ," ನೆಲಿದಾ ನನ್ನ ಕಿವಿಯಲ್ಲಿ ಹೇಳಿದಳು. "ಅಂಗಳಾನ ಮೂರ್ ಸಲ ಗುಡಿಸಿದ್ರು. ಕೋಳಿಗಳು ಗಾಬರಿಯಾಗಿ ಮರ ಹತ್ತಿ ಕೂತಿವೆ."

ತೆಯೊವ್ವ ಸೊಸೆಯ ಬೂಟು, ಮಗನ ಟೋಪಿ, ಇಸ್ತ್ರಿ ಮಾಡಿದ ಹೂಕಸೂತಿಯ ಉಯಿಪಿಲ್ ತೊಟ್ಟು ವ್ಯಾನು ಹತ್ತಿದಳು. ಹತ್ತುವಾಗಲೇ ತಾಕೀತು: "ನಾನ್ ಯಾರು ಅಂತ ಬಾಯಿ ಬಿಟ್ಟೀಯ ಜೋಕೆ. ಇವತ್ತು ನಾನೂ ಪರದೇಶಿ."

ದೋನ್ಯಾ ಲಿಬ್ರಾದಾ ಸ್ನೇಹದಿಂದ, "ನೀವು ಎಲ್ಲಿಂದ ಬಂದ್ರಿ?" ಎಂದು ಕೇಳಿದಳು.

"ಕಾಂಪೆಚೆ ಕಡೆಯಿಂದ," ಎಂದಳು ತೆಯೊವ್ವ, ಕಣ್ಣು ಮಿಟುಕಿಸದೆ. "ಈ ಕಡೆ ಬಂದಿದ್ದು ಇದೇ ಮೊದ್ಲು. ಜಾಗ ಚೆನ್ನಾಗಿದೆ. ರಸ್ತೆ ಮಾತ್ರ ಗುಂಡಿ."

ಸಾಕ್ತೂನಿನಲ್ಲಿ ಅವಳು ನನ್ನ ಜೀವ ತೆಗೆದಳು. ಅತಿಥಿಗಳು ಕೇಳುವ ಪ್ರಶ್ನೆಗಳನ್ನೆಲ್ಲ ಹತ್ತೊಂಬತ್ತು ವರ್ಷ ಒಲೆಯ ಹತ್ತಿರ ಕೂತು ಕೇಳಿಸಿಕೊಂಡಿದ್ದಳಲ್ಲ, ಅವನ್ನೆಲ್ಲ ಒಂದೊಂದಾಗಿ ಬಿಟ್ಟಳು. ಎತ್ತರ ಎಷ್ಟು? ಕಟ್ಟೋಕೆ ಎಷ್ಟು ದಿನ ಹಿಡೀತು? ಶೌಚಾಲಯ ಎಲ್ಲಿ? ಅಬುಂದಿಯೊ ಮೀಸೆಯೊಳಗೆ ನಗುತ್ತಿದ್ದ. ನಾನು ಬೆವರುತ್ತಿದ್ದೆ. ಇಬ್ಬರಿಗೂ ಕಾರಣ ಬೇರೆ.

ಹಿಂಭಾಗದ ಗೋಡೆಯಲ್ಲಿ ಒಂದು ಕೆತ್ತಿದ ದೇವರ ಮುಖ ತಲೆಕೆಳಗಾಗಿ ಕೂತಿದೆ. ನನ್ನ ದಿನದ ಅತಿ ಒಳ್ಳೆಯ ಕತೆ ಅದು. ಕಲ್ಲುಕುಟಿಗನಿಗೆ ಮನೆಯಿಂದ ಹೇಳಿಕೆ ಬಂತು, ಹೆಂಡತಿಗೆ ಹೆರಿಗೆ ನೋವು ಅಂತ. ಕೈಯಲ್ಲಿದ್ದ ಕಲ್ಲನ್ನು ಹೇಗೆ ಬಂತೋ ಹಾಗೆ ಇಟ್ಟು ಓಡಿದ. ಮಾರನೇ ದಿನ ಬಂದು ನೋಡಿದರೆ ದೇವರು ತಲೆಕೆಳಗು. ಕಿತ್ತು ಸರಿಮಾಡೋಣ ಅಂದಾಗ ಮೇಸ್ತ್ರಿ, "ಇರಲಿ ಬಿಡು, ನಿನ್ನ ಮಗು ಹುಟ್ಟಿದ ದಿನ ಇದು, ದೇವರೂ ತಲೆಕೆಳಗಾಗಿ ಕುಣಿದ ಅಂದುಕೊಳ್ಳೋಣ," ಅಂದನಂತೆ. ಇಷ್ಟನ್ನೂ ಹೇಳಿ ರೂಢಿಯಂತೆ ಮುಗಿಸಿದೆ: "ಹೀಗಂತ ನಮ್ಮ ತಾತ ಹೇಳ್ತಿದ್ರು."

ದೋನ್ಯಾ ಲಿಬ್ರಾದಾಳ ಕಣ್ಣು ತುಂಬಿತು. ತೆಯೊವ್ವ ಟೋಪಿ ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

"ನಿಮ್ ತಾತ ಭಾರಿ ತಿಳ್ಕೊಂಡೋರು," ಅಂದಳು. "ಅವ್ರಿಗೆ ಇದ್ನ ಯಾರು ಹೇಳಿದ್ರಂತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಬಿಸಿಲು ಜಾಸ್ತಿಯಾಯಿತು, ವ್ಯಾನಿಗೆ ನಡೆಯೋಣ ಅಂದೆ. ದಾರಿಯುದ್ದಕ್ಕೂ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನನಗೆ ಬುದ್ಧಿ ಇದ್ದಿದ್ದರೆ ಅಲ್ಲಿಂದ ಸೀದಾ ನೀರಿಗೆ ಕರೆದೊಯ್ಯಬೇಕಿತ್ತು. ಗಾಣದೆತ್ತಿಗೆ ಬೇರೆ ದಾರಿ ಹೊಳೆಯುವುದುಂಟೆ? ಗುಡಿಯಾದ ಮೇಲೆ ಊಟ, ಊಟವಾದ ಮೇಲೆ ನೀರು. ಹದಿನೆಂಟು ವರ್ಷದ ಕ್ರಮದಂತೆ ಎಲ್ಲರನ್ನೂ ಅಡುಗೆಮನೆಯ ಚಪ್ಪರಕ್ಕೆ ಕರೆತಂದು ಕೂರಿಸಿದೆ.

ತೆಯೊವ್ವ ಮೇಜಿನ ಮುಂದೆ ಕೈಕಟ್ಟಿ ಕೂತಳು. ನೆಲಿದಾ ಅವಳಿಗೂ ಬಡಿಸಿದಳು. ಹುರುಳಿ, ಸುಟ್ಟ ಟೊಮೇಟೊ, ನೆಂಚಿಕೊಳ್ಳಲು ಹಬನೆರೊ ಮೆಣಸಿನಕಾಯಿ. ಕೋಳಿ ಇನ್ನೂ ಹಿತ್ತಲಿನ ಗುಂಡಿಯಲ್ಲಿ, ಬಿಸಿ ಕಲ್ಲು ಮಣ್ಣಿನ ಕೆಳಗೆ ಬೇಯುತ್ತಿತ್ತು. ಅದನ್ನು ತೆಗೆಯಲು ನೆಲಿದಾ ಹಿತ್ತಲಿಗೆ ಹೋದಳು. ಹೋಗುವಾಗ ಮೂರು ರೊಟ್ಟಿ ಹೆಂಚಿನ ಮೇಲೆಯೇ ಇದ್ದವು.

ನಾನು ಅತಿಥಿಗಳಿಗೆ ಶರಬತ್ತು ಸುರಿಯುತ್ತಿದ್ದೆ. ರೊಟ್ಟಿ ಸೀಯುವ ವಾಸನೆ ನನಗೂ ಬಂತು. ಅದು ನನಗೆ ಬರೀ ವಾಸನೆ. ತೆಯೊವ್ವನಿಗೆ ಅದು ಯಾರೋ ಹೆಸರು ಹಿಡಿದು ಕೂಗಿದ ಹಾಗೆ. ಎದ್ದಳು, ಒಲೆಯ ಮುಂದೆ ಕುಕ್ಕರಿಸಿದಳು, ಬರಿಬೆರಳಿನಿಂದ ಮೂರನ್ನೂ ಒಂದರ ಹಿಂದೊಂದು ತಿರುವಿಹಾಕಿ, ಅಂಚು ಒತ್ತಿ ಉಬ್ಬಿಸಿದಳು. ಎಲ್ಲ ಸೇರಿ ಒಂದು ಉಸಿರಿನಷ್ಟು ಹೊತ್ತು.

"ಅಯ್ಯಯ್ಯೋ, ಬರಿಗೈಲೇ!" ದೋನ್ಯಾ ಲಿಬ್ರಾದಾ ಕೂಗಿದಳು. "ನೀವು ಕಾಂಪೆಚೆಯವರಲ್ಲ ಬಿಡಿ. ಈ ಒಲೆ ನಿಮ್ಮದೇ!"

ತೆಯೊವ್ವ ತನ್ನ ಬಲಗೈಯನ್ನು ನೋಡಿಕೊಂಡಳು. ಬೇರೆ ಯಾರದೋ ಕೈ ತನ್ನ ತೋಳಿಗೆ ಅಂಟಿಕೊಂಡಿದೆಯೇನೋ ಎಂಬಂತೆ ನೋಡಿದಳು. ನನಗೆ ಆಗ ತಿಳಿಯಿತು ಏನಾಯಿತೆಂದು. ಕೋಳಿಯ ಪಾತ್ರೆ ಹಿಡಿದು ಬಂದ ನೆಲಿದಾಳಿಗೂ ತಿಳಿಯಿತು. ಅವಳು ಪಾತ್ರೆಯನ್ನು ಹಾಗೇ ನೆಲಕ್ಕಿಟ್ಟು ಅಳುವುದಕ್ಕೆ ಶುರುಮಾಡಿದಳು.

"ನನ್ನಿಂದ್ಲೇ ಅತ್ತೆ. ರೊಟ್ಟಿ ಬಿಟ್ಟು ಹೋಗ್ಬಾರ್ದಿತ್ತು ನಾನು."

"ಅಳ್ಬೇಡ್ವೇ. ನಿನ್ ತಪ್ಪಲ್ಲ. ಈ ಕೈದೇ ತಪ್ಪು. ಹೇಳ್ದೇ ಕೇಳ್ದೇ ಎದ್ದು ಹೋಗುತ್ತೆ," ಎಂದು ತೆಯೊವ್ವ ಅವಳ ಕಣ್ಣೊರೆಸಿದಳು. ಆಮೇಲೆ ಮೆಲ್ಲಗೆ, "ಆಯ್ತು ಬಿಡಿ. ಗುಡಿ ನೋಡ್ದೆ, ಕೂತು ಉಂಡೆ. ಅಷ್ಟು ಸಾಕು," ಅಂದಳು.

"ನಾಳೆ ಬರೋಣವ್ವಾ," ಅಂದೆ ನಾನು.

"ನಾಳೆ ಮೂವತ್ತು ಜನ ಬರ್ತಾರೆ. ಆಮೇಲೆ ಪವಿತ್ರ ವಾರದ ರಜಾ, ಇನ್ನೂ ಜನ. ಆಮೇಲೆ ಮಳೆ. ಮಳೆಗಾಲ್ದಲ್ಲಿ ಈ ಕಾಲು ಹೊಸ್ತಿಲೇ ದಾಟಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು ಶರಬತ್ತಿನ ಹೂಜಿಯನ್ನು ಠಣ್ಣೆಂದು ಕುಕ್ಕಿದೆ. ಏನಾಯಿತೆಂದು ಅಬುಂದಿಯೊ ಕೇಳಿದ. ನೆಲಿದಾ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು: ಹೆಂಚಿನ ಕಾವು, ತಣ್ಣೀರು, ಅರವತ್ತೆಂಟು ವರ್ಷ, ಮೊಣಕಾಲು. ಇದೆಲ್ಲ ಮೂಢನಂಬಿಕೆ ಅಂತ ಅವನು ಅಂದುಬಿಡುತ್ತಾನೆ, ಅಂದರೆ ಜಗಳವಾಡಿಬಿಡೋಣ ಅಂತ ನಾನು ಕಾಯುತ್ತಿದ್ದೆ. ಅವನು ಹಾಗೆ ಅನ್ನಲಿಲ್ಲ.

"ನಮ್ಮಮ್ಮನೂ ಇಸ್ತ್ರಿ ಮಾಡಿದ ದಿನ ತಣ್ಣೀರು ಮುಟ್ತಿರಲಿಲ್ಲ," ಅಂದ. "ನಾವು ಕಾಯ್ತೀವಿ ತಾಯಿ. ಕೈ ಆರೋವರೆಗೂ ಕಾಯ್ತೀವಿ. ನಮ್ಮೂರಲ್ಲಿ ನದಿ ಅಂದ್ರೆ ಮರಳು. ಕಾದು ಅಭ್ಯಾಸ ಇದೆ ನಮಗೆ."

ತೆಯೊವ್ವ ಎಡಗೈಯನ್ನು ಕೆನ್ನೆಗೆ ಒತ್ತಿ ನೋಡಿದಳು. ಬಲಗೈಯನ್ನು ಒತ್ತಿ ನೋಡಿದಳು. ಮತ್ತೆ ಎಡಗೈ. ನ್ಯಾಯ ಬಗೆಹರಿಸುವ ಊರಗೌಡನ ಗತ್ತಿನಲ್ಲಿ ಹುಬ್ಬು ಗಂಟಿಕ್ಕಿದಳು.

"ಗಾಸ್ಪರ್, ಇದ್ನ ಮುಟ್ಟು." ಎಡಗೈ ಚಾಚಿದಳು.

"ತಣ್ಣಗಿದೆ."

"ಇದು?"

"ಬಿಸಿ."

"ಹೆಂಚು ಮುಟ್ಟಿದ್ದು ಯಾವುದು? ಬಲಗೈ. ಒಂದೇ ಒಂದು. ಅದು ಮಾಡಿದ ತಪ್ಪಿಗೆ ಮಿಕ್ಕ ಮೈಗ್ಯಾಕೋ ಶಿಕ್ಷೆ? ಅದು ನೀರಿಗಿಳಿಯೋದು ಬೇಡ. ನಾನ್ ಇಳೀತೀನಿ."

ಅಬುಂದಿಯೊ ಮೇಜು ಕುಟ್ಟಿ ನಕ್ಕ. ನೆಲಿದಾ ಅಳುತ್ತಲೇ ನಕ್ಕಳು.

ಎಪ್ಪತ್ತೆರಡು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ತೆಯೊವ್ವ ಒಂದೊಂದು ಮೆಟ್ಟಿಲಿನ ಮೇಲೂ ಕೂತು, ಜಾರಿ, ಮೊಣಕಾಲಿಗೆ ಬೈದು, ಮತ್ತೆ ಕೂತು ಇಳಿದಳು. ಕೆಳಗಿನ ಹಲಗೆಯ ಕಟ್ಟೆ ತಲುಪಿದಾಗ ಸುತ್ತ ತಂಪು. ಮೇಲಿನ ಆಲದ ಬೇರುಗಳು ನೀರಿನವರೆಗೆ ಇಳಿಬಿದ್ದಿದ್ದವು. ಅವಳಿಗೆ ಲೈಫ್ ಜಾಕೆಟ್ ಕಟ್ಟಿದೆ. ಇನ್ನೇನು ಕಾಲಿಡಬೇಕು, ಅವಳು ನಿಂತುಬಿಟ್ಟಳು.

ನಾನು ಮರೆತಿದ್ದು ಅವಳಿಗೆ ನೆನಪಿತ್ತು. ನಮ್ಮಲ್ಲಿ ಯಾರೇ ಈ ನೀರಿಗಿಳಿಯುವ ಮೊದಲು ಅದರೊಳಗಿನ ದೈವಗಳಾದ ಒಡೆಯರನ್ನು ಕೇಳಬೇಕು. ದಿನಾ ಬೆಳಿಗ್ಗೆ ಸೋರೆಬುರುಡೆಯಲ್ಲಿ ಮೆಕ್ಕೆಜೋಳದ ಗಂಜಿ ಇಟ್ಟು, ಬರುವವರ ಪರವಾಗಿ ಅಪ್ಪಣೆ ಕೇಳುತ್ತಿದ್ದವಳು ಅವಳೇ. ಪರದೇಶದ ಎಷ್ಟೋ ಸಾವಿರ ಜನ ತಮಗಾಗಿ ಒಬ್ಬಳು ಕೇಳಿಕೊಂಡಿದ್ದಾಳೆ ಎಂದು ತಿಳಿಯದೆಯೇ ಇಲ್ಲಿ ಈಜಿ ಸುಖವಾಗಿ ಮನೆಗೆ ಹೋಗಿದ್ದಾರೆ.

"ಬೆಳಿಗ್ಗೆ ನೆಲಿದಾ ಗಂಜಿ ಇಟ್ಟಿದಾಳೆ," ಅಂದಳು. "ನನ್ ಪರವಾಗಿ ಯಾರೂ ಕೇಳಿಲ್ಲ. ನಮಗೆ ನಾವೇ ಕೇಳ್ಕೊಳ್ಳೋ ಹಂಗಿಲ್ಲ. ನೀನ್ ಕೇಳು."

"ನನಗೆ ಆ ಮಾತೆಲ್ಲ ಬರಲ್ಲವ್ವಾ."

"ದಿನವಿಡೀ ಮಾತಾಡ್ತೀಯ, ಇದು ಬರಲ್ವಾ? ಯಾರು, ಏನ್ ಮಾಡಿದೋಳು, ಯಾಕ್ ಬಂದಿದಾಳೆ, ಅಷ್ಟೇ. ಆದ್ರೆ ನಿಜ ಹೇಳ್ಬೇಕು. ಸುಳ್ಳು ಸೇರ್ಸಿದ್ರೆ ಹತ್ರ ಸೇರ್ಸಲ್ಲ ಅವ್ರು."

ನಾನು ನೀರಿನ ಕಡೆ ತಿರುಗಿದೆ. ಹಿಂದೆ ಅಬುಂದಿಯೊ ಟೋಪಿ ತೆಗೆದು ಎದೆಗೊತ್ತಿಕೊಂಡ.

"ಒಡೆಯರೇ," ಅಂದೆ. "ಇವಳು ತೆಯೊಫಿಲಾ ಕಾವಿಚ್. ನಿಮ್ಮ ನೆತ್ತಿ ಮೇಲೇ ಒಲೆ ಹಚ್ಚೋಳು, ನಿಮ್ಗೆ ಗಂಜಿ ಇಡೋಳು. ನೀವು ಕಂಡೋಳೇ. ನಾನು ಗಾಸ್ಪರ್ ಪೋಟ್. ತಾಯಿ ಇಲ್ಲದ ನನಗೆ ಇವಳು ಅನ್ನ ಹಾಕಿದಳು. ಆಮೇಲೆ..." ಇಲ್ಲಿ ತಡವರಿಸಿದೆ. "ಆಮೇಲೆ ನಾನು ಮೇಲ್ಗಡೆ ಆ ಗುಡಿಲಿ ನಿಂತು ದಿನಾ ಹೇಳೋ ಕತೆಗಳೆಲ್ಲ ಇವಳದ್ದು. ಇವಳ ಅಪ್ಪ ಅಲ್ಲಿ ಕಲ್ಲು ಹೊತ್ತೋನು. ನಮ್ ತಾತನಿಗೆ ಏನೂ ಗೊತ್ತಿರಲಿಲ್ಲ. ಅವ್ನು ಹಂದಿ ಸಾಕ್ತಿದ್ದ. ಹದಿನೆಂಟು ವರ್ಷ ಇವಳ ಹೆಸರು ಹೇಳ್ದೆ ಬದುಕಿದೀನಿ. ತಪ್ಪು ನಂದು. ಅದನ್ನ ನನ್ ಮೇಲೆ ಹಾಕಿ. ಇವಳನ್ನ ಒಳಗೆ ಬಿಟ್ಕೊಳ್ಳಿ."

ದೋನ್ಯಾ ಲಿಬ್ರಾದಾ ಮೂಗು ಸೀಟಿದ ಸದ್ದಿಗೆ ಗುಹೆಯೆಲ್ಲ ಮೊಳಗಿತು.

"ಹಂದಿ ಚೆನ್ನಾಗೇ ಸಾಕ್ತಿದ್ದ ನಿಮ್ ತಾತ," ಎಂದಳು ತೆಯೊವ್ವ. "ಪಾಪ, ಅವನಿಗ್ಯಾಕೋ ಅಷ್ಟೊಂದು ಕತೆ ಹೊರ್ಸಿದ್ದೆ?" ಅಷ್ಟು ಹೇಳಿ ನನ್ನ ಭುಜ ಹಿಡಿದು ನೀರಿಗೆ ಕಾಲಿಟ್ಟಳು.

ಬಲಗೈ ಮೇಲೆತ್ತಿ ಇಳಿದಳು, ನಾನೂ ಜೊತೆಗಿಳಿದೆ. ಉಯಿಪಿಲ್ ನೀರಿನ ಮೇಲೆ ಹರಡಿಕೊಂಡಿತು. ಎದೆಮಟ್ಟ ನೀರು ಬಂದಾಗ ಉಸಿರು ಸಿಕ್ಕಿಕೊಂಡು "ಹಾ" ಅಂದಳು. ಒಂದು ಕ್ಷಣ ಹೆದರಿದೆ. ನೋಡಿದರೆ ನಗುತ್ತಿದ್ದಾಳೆ. ಕಾಲು ನೆಲ ಬಿಟ್ಟಿತು. ಮೊಣಕಾಲುಗಳ ಮೇಲಿನ ಭಾರವೆಲ್ಲ ಹೋಯಿತು. ಮಲಗಿದಂತೆ ತೇಲಿದಳು, ಒಂದು ಕೈ ಮಾತ್ರ ಗಾಳಿಯಲ್ಲಿ.

"ನೋವೇ ಇಲ್ಲ ಕಣೋ," ಅಂದಳು. "ಗಾಸ್ಪರ್, ನೋವೇ ಇಲ್ಲ!"

ಮೇಲೆ ಸೆನೋತೆಯ ದುಂಡನೆ ಬಾಯಿ, ಅದರೊಳಗೆ ಆಕಾಶ. ಅಡುಗೆಮನೆಯ ಹೊಗೆ ಅದನ್ನು ಅಡ್ಡಹಾದು ಹೋಗುತ್ತಿತ್ತು. ಅಂಚಿನಲ್ಲಿ ನೆಲಿದಾಳ ತಲೆ.

"ನನ್ ಹೊಗೆ ಇಲ್ಲಿಂದ ಹಿಂಗ್ ಕಾಣುತ್ತಾ?" ತೆಯೊವ್ವ ಕೇಳಿದಳು. "ಇಷ್ಟ್ ವರ್ಷ ಕಣ್ಣಿಗೆ ಹೊಡೆಸ್ಕೊಂಡೆ, ಒಂದಿನವೂ ಚೆಂದ ಅನ್ನಿಸ್ಲಿಲ್ಲ. ದೇವ್ರು ದೊಡ್ಡೋನು." ಆಮೇಲೆ ನೀರಿಗೂ ಬಂಡೆಗೂ ಬೇರುಗಳಿಗೂ ನಮ್ಮೂರಿನ ಭಾಷೆಯಲ್ಲಿ ಒಂದೊಂದಾಗಿ ಉಪಕಾರವಾಯಿತೆಂದು ಹೇಳಿದಳು. ಅಬುಂದಿಯೊಗೂ ಹೇಳಿದಳು. ಅವನು ಸೊಂಟಮಟ್ಟ ನೀರಿನಲ್ಲಿ ನಿಂತು, ಚರ್ಚಿನಲ್ಲಿ ನಿಂತವನ ಹಾಗೆ ತಲೆಬಾಗಿದ.

ಸ್ವಲ್ಪ ಹೊತ್ತಿನ ಮೇಲೆ ಬಲಗೈ ನನ್ನ ಕಡೆ ಚಾಚಿದಳು. "ಆರಿತಾ ನೋಡು."

ಹಿಡಿದು ನೋಡಿದೆ. ಅಂಗೈ ಒರಟು, ಬೆರಳ ತುದಿಗಳು ಕಾಯಿಕಟ್ಟಿದ್ದವು. ಆರಿದೆ ಅಂದುಬಿಡೋಣ ಅನ್ನಿಸಿತು. ಅವಳೂ ಅದೇ ಮಾತಿಗೆ ಕಾಯುತ್ತಿದ್ದಳು. ಆದರೆ ಆಗಷ್ಟೇ ನಿಜ ಹೇಳಿ ಮುಗಿಸಿದ್ದ ನೀರಿನಲ್ಲೇ ನಿಂತಿದ್ದೆ.

"ಇಲ್ಲವ್ವಾ. ಇನ್ನೂ ಬೆಚ್ಚಗಿದೆ."

"ಅರವತ್ತು ವರ್ಷದ ಕಾವು," ಎಂದು ನಕ್ಕಳು. "ಒಂದ್ ಮಧ್ಯಾಹ್ನಕ್ಕೆ ಆರುತ್ತಾ? ಸಾಕು, ಮೇಲೆ ಹೋಗಣ. ತೋಳು ಸೋಲ್ತಿದೆ."

"ನಿನಗೆ ಸಾಕಾಯ್ತಾ?"

ಸಾಕಾಗಿರಲಿಲ್ಲ, ಅವಳ ಮುಖದಲ್ಲೇ ಬರೆದಿತ್ತು. ತೋಳು ಮಾತ್ರ ನಡುಗುತ್ತಿತ್ತು.

"ತೋಳನ್ನ ನನ್ ಮೇಲೆ ಬಿಡವ್ವಾ," ಅಂದೆ. "ನಾನ್ ಹಿಡ್ಕೋತೀನಿ. ನೀನು ತೇಲು."

ಅವಳು ಕೈಯ ಭಾರವನ್ನೆಲ್ಲ ನನಗೆ ಬಿಟ್ಟಳು. ನನಗೆ ಅನ್ನ ಹಾಕಿದ ಆ ಕೈಯನ್ನು ನೀರು ತಾಕದಂತೆ ಎತ್ತಿ ಹಿಡಿದು ನಿಂತೆ. ಐದು ಗಂಟೆ ಆಯಿತು, ವ್ಯಾನು ಹೊರಡುವ ಹೊತ್ತು ಮೀರಿತು. ಯಾರೂ ಗಡಿಯಾರ ನೋಡಲಿಲ್ಲ. ನನ್ನ ತೋಳು ಸೋತಾಗ ಅಬುಂದಿಯೊ ಬಂದು ನನ್ನ ಮೊಣಕೈಗೆ ತನ್ನ ಹೆಗಲು ಕೊಟ್ಟ. ತೆಯೊವ್ವ ಕಣ್ಣು ಮುಚ್ಚಿಕೊಂಡು ತೇಲುತ್ತಲೇ ಇದ್ದಳು.